ಮೊದಲು ಕೈಗೆ ತಿಳಿಯಲಿ

"ಓವನ್ ಇಲ್ಲ ಮಿಸ್, ಹೇಗೆ ಮಾಡಲಿ?" ಎಂದು ನೀನು ಫೋನಿನಲ್ಲಿ ಕೇಳಿದಾಗ ನಾನು ಮಧುಗಿರಿ ಬಸ್ ನಿಲ್ದಾಣದಲ್ಲಿ ಪಾವಗಡದ ಬಸ್ಸು ಹೊರಡುವ ಗದ್ದಲದ ನಡುವೆ ನಿಂತಿದ್ದೆ. ಏನೋ ಅರ್ಧಂಬರ್ಧ ಹೇಳಿ ಇಟ್ಟುಬಿಟ್ಟೆ. ಅವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಮಿಡಿಗೇಶಿ ಕಡೆಯ ಶಾಲೆಯಲ್ಲಿ ಎರಡು ಜಡೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿ ಇವತ್ತು ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ವಿಜ್ಞಾನದ ಟೀಚರು. ಶನಿವಾರದ ಬೆಳಗಿನ ತರಗತಿಯಲ್ಲಿ ಮಕ್ಕಳ ಕೈಲಿ ಕೇಕ್, ಬನ್ ಮಾಡಿಸಿ ಅದರ ಹಿಂದಿನ ವಿಜ್ಞಾನ ಹೇಳಿಕೊಡಬೇಕೆಂದು ಹೊರಟಿದ್ದೀಯ. ಕೇಳಿ ತುಂಬಾ ಸಂತೋಷವಾಯಿತು ಕಣಮ್ಮ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿದ ನಮ್ಮ ಶೈಕ್ಷಣಿಕ ಜಿಲ್ಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸೀಮೆಸುಣ್ಣ ಹಿಡಿದವಳು ನಾನು. ನನಗೆ ತಿಳಿದದ್ದನ್ನು ಈಗ ನಿಧಾನವಾಗಿ ಹೇಳುತ್ತೇನೆ.

ಓವನ್ನಿನ ಚಿಂತೆ ಬಿಡು. ಓವನ್ ಎಂದರೆ ಏನು? ಸುತ್ತಲಿಂದಲೂ ಒಂದೇ ಸಮ ಕಾವು ಕೊಡುವ ಪೆಟ್ಟಿಗೆ, ಅಷ್ಟೇ. ಶಿರಾ ಸಂತೆಯಲ್ಲಿ ಕಡಲೆಕಾಯಿ ಹುರಿಯುವವನನ್ನು ನೋಡಿದ್ದೀಯಲ್ಲ. ಬಾಣಲೆ ತುಂಬ ಮರಳು ಕಾಯಿಸಿ ಅದರೊಳಗೆ ಕಾಯಿ ಹಾಕಿ ಕೈಯಾಡಿಸುತ್ತಾನೆ. ಬರೀ ಬಾಣಲೆಯಲ್ಲಿ ಹುರಿದರೆ ತಳಕ್ಕೆ ತಗುಲಿದ ಕಡೆ ಸೀದು ಮೇಲೆ ಹಸಿ ಉಳಿಯುತ್ತದೆ. ಮರಳು ಕಾಯಿಯ ಸುತ್ತ ಎಲ್ಲ ಕಡೆಯಿಂದಲೂ ಒತ್ತಿಕೊಂಡು ಕಾವು ಕೊಡುತ್ತದೆ, ಕೊಟ್ಟ ಕಾವನ್ನು ಬೇಗ ಬಿಟ್ಟುಕೊಡುವುದಿಲ್ಲ. ಅವನ ಬಾಣಲೆಯೇ ನಮ್ಮ ಸೀಮೆಯ ಓವನ್. ಒಂದು ದಪ್ಪ ತಳದ ಹಳೆಯ ಡಬರಿ, ಎರಡು ಬೆರಳು ದಪ್ಪ ತೊಳೆದು ಒಣಗಿಸಿದ ಮರಳು, ಅದರ ಮೇಲೊಂದು ಸಿಂಬೆಯಂಥ ಕಬ್ಬಿಣದ ಬಳೆ, ಮೇಲೆ ಬಿಗಿಯಾಗಿ ಕೂರುವ ಮುಚ್ಚಳ. ಇಷ್ಟು ಸಾಕು. ಕುಕ್ಕರಿನಲ್ಲಿ ಮಾಡುವುದನ್ನು ಎಲ್ಲರೂ ತೋರಿಸುತ್ತಾರೆ, ಆದರೆ ಶಾಲೆಯಲ್ಲಿ ನೀನು ಕುಕ್ಕರ್ ಮುಟ್ಟಬೇಡ. ವಿಷಲ್, ಗ್ಯಾಸ್ಕೆಟ್ ತೆಗೆಯಲು ಒಂದು ದಿನ ಮರೆತರೂ ಅನಾಹುತ. ಡಬರಿಗೆ ಆ ಭಯವಿಲ್ಲ.

ಆದರೆ ಮೊದಲ ದಿನವೇ ಕೇಕ್ ಮಾಡಿಸಬೇಡ. ಕೇಕ್ ಮಕ್ಕಳಿಗೆ ಹುಟ್ಟುಹಬ್ಬದ ಪದಾರ್ಥ, ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕೂತಿರುವಂಥದ್ದು. ಅದರ ಬಗ್ಗೆ ಅವರಿಗೆ ಆಸೆ ಇದೆ, ಅನುಭವ ಇಲ್ಲ. ಅನುಭವ ಇರುವುದು ರಾಗಿ ರೊಟ್ಟಿಯಲ್ಲಿ. ನಿನ್ನ ತರಗತಿಯ ಒಂದೊಂದು ಮಗುವೂ ಅವ್ವ ರೊಟ್ಟಿ ತಟ್ಟುವುದನ್ನು ಸಾವಿರ ಸಲ ನೋಡಿರುತ್ತದೆ. ಅಲ್ಲಿಂದ ಶುರುಮಾಡು.

ಎರಡು ಬೋಗುಣಿಯಲ್ಲಿ ಸಮಸಮ ರಾಗಿ ಹಿಟ್ಟು ಹಾಕು. ಒಂದಕ್ಕೆ ತಣ್ಣೀರು, ಇನ್ನೊಂದಕ್ಕೆ ಕುದಿಯುವ ಎಸರು. ಬಿಸಿಯದನ್ನು ನೀನೇ ಸೌಟಿನಲ್ಲಿ ಕಲಸಿ, ಆರಿದ ಮೇಲೆ ಮಕ್ಕಳ ಕೈಗೆ ಕೊಡು. ಎರಡನ್ನೂ ತಟ್ಟಲಿ. ತಣ್ಣೀರಿನದು ಅಂಚಿನಲ್ಲಿ ಬಿರುಕು ಬಿಡುತ್ತದೆ, ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಮುರಿಯುತ್ತದೆ. ಬಿಸಿನೀರಿನದು ಮಾತು ಕೇಳುತ್ತದೆ. ಅವತ್ತು ನೀನು ಏನೂ ಹೇಳಬೇಡ. "ಯಾಕೆ ಹೀಗಾಯಿತು?" ಎಂದು ಕೇಳಿ ಸುಮ್ಮನಿರು. ಮಾರನೇ ಶನಿವಾರ ಗೋಧಿ ಹಿಟ್ಟಿನ ಒಂದು ಉಂಡೆಯನ್ನೂ ರಾಗಿ ಹಿಟ್ಟಿನ ಒಂದು ಉಂಡೆಯನ್ನೂ ಕೊಟ್ಟು, ಎರಡನ್ನೂ ನೀರಿನ ಬೋಗುಣಿಯೊಳಗೆ ಹಿಚುಕಿ ಹಿಚುಕಿ ತೊಳೆಯಲು ಹೇಳು. ರಾಗಿ ಉಂಡೆ ಪೂರಾ ಕರಗಿ ನೀರಾಗುತ್ತದೆ. ಗೋಧಿ ಉಂಡೆಯಿಂದ ಬೆಳ್ಳಗೆ ಹಾಲಿನಂಥ ನೀರು ಹೋಗಿ ಹೋಗಿ, ಕೊನೆಗೆ ಚೂಯಿಂಗ್ ಗಮ್ಮಿನಂಥ ಒಂದು ಮುದ್ದೆ ಕೈಯಲ್ಲಿ ಉಳಿಯುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಮಕ್ಕಳು ಅದನ್ನು ಕೆಳಗಿಡುವುದೇ ಇಲ್ಲ ನೋಡು. ಆಗ ಹೇಳು, ಇದರ ಹೆಸರು ಗ್ಲೂಟೆನ್, ಗೋಧಿಯೊಳಗಿನ ಪ್ರೋಟೀನು, ಹಿಟ್ಟನ್ನು ಬಲೆಯಂತೆ ಹಿಡಿದುಕೊಳ್ಳುವುದು ಇದೇ, ರಾಗಿಯಲ್ಲಿ ಇದಿಲ್ಲ ಎಂದು. ರಾಗಿಗೆ ಬೇರೆ ಅಂಟು ಬೇಕು. ಕುದಿನೀರು ಬಿದ್ದಾಗ ರಾಗಿಯ ಪಿಷ್ಟದ ಕಣಗಳು ನೀರು ಹೀರಿ ಊದಿಕೊಂಡು ಅಂಟಾಗುತ್ತವೆ, ಆ ಅಂಟೇ ರೊಟ್ಟಿಯನ್ನು ಹಿಡಿದಿಡುತ್ತದೆ. ಅಜ್ಜಿಯರು ಹಿಟ್ಟು ಉಕ್ಕರಿಸುತ್ತಿದ್ದದ್ದು ಇದಕ್ಕೇ.

ಆ ಕ್ಷಣಕ್ಕೆ ಒಂದಲ್ಲ ಒಂದು ಮಗು "ಹಂಗಾದ್ರೆ ಮುದ್ದೇಲಿ ಗಂಟು ಯಾಕಾಗುತ್ತೆ ಮಿಸ್?" ಎಂದು ಕೇಳುತ್ತದೆ. ಕೇಳದಿದ್ದರೆ ನೀನೇ ಕೇಳು. ಹಿಟ್ಟು ಎಸರಿಗೆ ಬಿದ್ದ ಕೂಡಲೇ ಕಲಕಿದರೆ ಸಣ್ಣ ಸಣ್ಣ ಒಣ ಉಂಡೆಗಳ ಹೊರಮೈ ಬೆಂದು ಅಂಟಾಗಿ ಒಳಗಿನ ಒಣ ಹಿಟ್ಟನ್ನು ಮುಚ್ಚಿಬಿಡುತ್ತದೆ, ನೀರು ಒಳಗೆ ಹೋಗುವುದಿಲ್ಲ. ಅದಕ್ಕೇ ನಮ್ಮವರು ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ತೂತು ಮಾಡಿ, ಎಸರು ಆ ತೂತಿನಿಂದ ಉಕ್ಕಿ ಬರುವವರೆಗೆ ಕಾದು ಆಮೇಲೆ ತೊಳಸುವುದು. ಯಾವ ಪುಸ್ತಕವೂ ಹೇಳಿಕೊಡದೆ ನಮ್ಮ ಹೆಂಗಸರು ಇದನ್ನು ಕಂಡುಕೊಂಡರು. ಇದನ್ನು ಮಕ್ಕಳಿಗೆ ಹೆಮ್ಮೆಯಿಂದ ಹೇಳು.

ನನ್ನದೊಂದು ತಪ್ಪನ್ನೂ ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾನು ಪ್ರಯೋಗಕ್ಕೆ ಮುಂಚೆಯೇ ಬೋರ್ಡಿನ ತುಂಬ ಕಾರಣ ಬರೆದುಬಿಡುತ್ತಿದ್ದೆ. ಸೋಡಾಕ್ಕೆ ಆಮ್ಲ ಸೇರಿದರೆ ಇಂಗಾಲದ ಡೈಆಕ್ಸೈಡು ಬರುತ್ತದೆ, ಸಮೀಕರಣ ಇದು, ಈಗ ನೋಡಿ. ಮಕ್ಕಳು ನೋಡುತ್ತಿದ್ದರು. ಆದರೆ ಅವರು ನೋಡುತ್ತಿದ್ದದ್ದು ನಾನು ಹೇಳಿದ್ದು ಸರಿಯೋ ಇಲ್ಲವೋ ಎಂಬುದನ್ನು ಮಾತ್ರ. ಅವರದೇ ಪ್ರಶ್ನೆ ಹುಟ್ಟುವ ಮೊದಲೇ ನಾನು ಉತ್ತರ ತುರುಕಿದ್ದೆ. ವಾರ ಕಳೆದು ಕೇಳಿದರೆ ಒಬ್ಬರಿಗೂ ನೆನಪಿರುತ್ತಿರಲಿಲ್ಲ. ಆ ತಪ್ಪು ನನಗೆ ತಿಳಿದದ್ದು ಒಬ್ಬ ಹುಡುಗನಿಂದ.

ಅವನು ಕುರಿ ಕಾಯುವ ಮನೆಯ ಹುಡುಗ. ತರಗತಿಯಲ್ಲಿ ಬಾಯಿ ಬಿಟ್ಟವನಲ್ಲ. ಆವತ್ತು ದೋಸೆ ಹುಯ್ಯಲು ಹಂಚು ಕಾಯಿಸಿದ್ದೆವು. ನಾನು ಆತುರಕ್ಕೆ ಹಿಟ್ಟು ಹುಯ್ಯಲು ಹೋದಾಗ ಅವನು ಎದ್ದು ನಿಂತು "ಮಿಸ್, ಇನ್ನೂ ಹುಯ್ಯಬೇಡಿ, ನೀರು ಓಡಾಡ್ತೈತೆ" ಅಂದ. ಏನೋ ಅದು ಅಂದೆ. ಅವನು ಬಂದು ಬೆರಳ ತುದಿಯಿಂದ ನೀರು ಚಿಮುಕಿಸಿ ತೋರಿಸಿದ. ಹನಿಗಳು ಚುರ್ ಎಂದು ಆರಿಹೋಗುವ ಬದಲು ಮುತ್ತಿನಂತೆ ಉಂಡೆಯಾಗಿ ಹಂಚಿನ ಮೇಲೆಲ್ಲ ಓಡಿದವು. "ಹಿಂಗೆ ಓಡಿದ್ರೆ ಕಾವು ಜಾಸ್ತಿ, ಸೀದೋಗುತ್ತೆ. ನಮ್ಮವ್ವ ಒದ್ದೆ ಬಟ್ಟೇಲಿ ಒಂದ್ಸಲ ಒರೆಸ್ತಾಳೆ. ಚುರ್ ಅಂತ ಅಲ್ಲೇ ಆರಿದ್ರೆ ಆವಾಗ ಹುಯ್ತಾಳೆ." ಇಡೀ ತರಗತಿ ಅವನನ್ನೇ ನೋಡುತ್ತಿತ್ತು.

1756ರಲ್ಲಿ ಜರ್ಮನಿಯ ಲೈಡನ್‌ಫ್ರಾಸ್ಟ್ ಎಂಬ ವೈದ್ಯ ಇದನ್ನೇ ಬರೆದಿಟ್ಟ. ಲೋಹ ತುಂಬಾ ಕಾದಿದ್ದಾಗ ಹನಿಯ ಕೆಳಭಾಗ ಮುಟ್ಟುವ ಮೊದಲೇ ಆವಿಯಾಗಿ, ಆ ಆವಿಯ ತೆಳ್ಳನೆಯ ಹಾಸಿನ ಮೇಲೆ ಉಳಿದ ಹನಿ ತೇಲುತ್ತದೆ. ಅದಕ್ಕೇ ಅದು ಬೇಗ ಆರುವುದೂ ಇಲ್ಲ. ಈ ಪರಿಣಾಮಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ಆ ಹುಡುಗನ ಅವ್ವನಿಗೆ ಆ ಹೆಸರು ಗೊತ್ತಿರಲಿಲ್ಲ, ವಿಷಯ ಪೂರ್ತಿ ಗೊತ್ತಿತ್ತು. ನಾನು ಆವತ್ತು ಬೋರ್ಡಿನ ಮೇಲೆ ಎರಡನ್ನೂ ಪಕ್ಕಪಕ್ಕ ಬರೆದೆ. ಒಂದು ಕಡೆ ಲೈಡನ್‌ಫ್ರಾಸ್ಟ್, ಇನ್ನೊಂದು ಕಡೆ ಆ ತಾಯಿಯ ಹೆಸರು. ಆ ಹುಡುಗ ಅವತ್ತಿನಿಂದ ನನ್ನ ಪಾಠವನ್ನು ಒಂದು ದಿನವೂ ತಪ್ಪಿಸಲಿಲ್ಲ. ಅಂದಿನಿಂದ ನಾನು ಕಾರಣವನ್ನು ಕೊನೆಗೆ ಹೇಳಲು ಕಲಿತೆ. ನಿನಗೂ ಇದನ್ನೇ ಬೇಡಿಕೊಳ್ಳುತ್ತೇನೆ. ಮೊದಲು ಕೈಗೆ ತಿಳಿಯಲಿ, ಬಾಯಿ ಪ್ರಶ್ನೆ ಕೇಳಲಿ, ಆಮೇಲೆ ಪುಸ್ತಕ ತೆಗೆ.

ಈಗ ಕೇಕಿಗೆ ಬರೋಣ. ಮೈದಾದ ಹಿಂದೆ ಹೋಗಬೇಡ. ಒಂದು ಲೋಟ ರಾಗಿ ಹಿಟ್ಟು, ಒಂದು ಲೋಟ ಗೋಧಿ ಹಿಟ್ಟು, ಒಂದು ಲೋಟ ಪುಡಿ ಬೆಲ್ಲ, ಒಂದು ಲೋಟ ಮೊಸರು, ಅರ್ಧ ಲೋಟ ಕಡಲೆಕಾಯಿ ಎಣ್ಣೆ, ಹದಕ್ಕೆ ಬೇಕಾದಷ್ಟು ಹಾಲು, ಅರ್ಧ ಚಮಚ ಅಡುಗೆ ಸೋಡಾ, ಒಂದು ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಗೋಧಿ ಯಾಕೆ ಬೇಕು ಎಂಬುದು ಉಂಡೆ ತೊಳೆದ ಮಕ್ಕಳಿಗೆ ಆಗಲೇ ಗೊತ್ತಿರುತ್ತದೆ. ಗಾಳಿಗುಳ್ಳೆಗಳನ್ನು ಹಿಡಿದಿಡಲು ಆ ಬಲೆ ಬೇಕು. ರಾಗಿ ಯಾಕೆ ಎಂದರೆ, ಅದು ನಮ್ಮ ಹೊಲದ ಬೆಳೆ, 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶ ಇದೆ, ಅಷ್ಟೇ ಅಕ್ಕಿಯಲ್ಲಿ 10ರ ಆಸುಪಾಸು. ಬೆಳೆಯುವ ಮೂಳೆಗೆ ಇದಕ್ಕಿಂತ ಅಗ್ಗದ ಉಪಕಾರ ಬೇರೆ ಇಲ್ಲ.

ಇದು ಅಡುಗೆಯ ಲೆಕ್ಕ. ವಿಜ್ಞಾನ ಬೇಕೆಂದರೆ ನಾಲ್ಕು ಸಣ್ಣ ಬಟ್ಟಲು ಬೇಕು. ಬೇಕಿಂಗ್ ಪೌಡರನ್ನು ಆವತ್ತಿಗೆ ಬಿಟ್ಟುಬಿಡು, ಅದರೊಳಗೇ ಆಮ್ಲ ಸೇರಿರುತ್ತದೆ, ಪರೀಕ್ಷೆ ಕೆಡುತ್ತದೆ. ಮೊದಲ ಬಟ್ಟಲಿಗೆ ಮೊಸರು ಮತ್ತು ಸೋಡಾ ಎರಡೂ. ಎರಡನೆಯದಕ್ಕೆ ಮೊಸರು ಮಾತ್ರ. ಮೂರನೆಯದಕ್ಕೆ ಮೊಸರಿನ ಬದಲು ಹಾಲು ಹಾಕಿ ಸೋಡಾ. ನಾಲ್ಕನೆಯದಕ್ಕೆ ಮೊಸರು, ಎರಡರಷ್ಟು ಸೋಡಾ. ಉಳಿದದ್ದೆಲ್ಲ ನಾಲ್ಕಕ್ಕೂ ಒಂದೇ ಅಳತೆ, ಒಂದೇ ಡಬರಿ, ಒಂದೇ ಹೊತ್ತು. ಇಲ್ಲಿ ನೀನು ಕಲಿಸುವ ದೊಡ್ಡ ಪಾಠ ಇದು: ಏನನ್ನಾದರೂ ತಿಳಿಯಬೇಕಾದರೆ ಒಂದನ್ನು ಮಾತ್ರ ಬದಲಿಸಬೇಕು. ಏಳನೇ ತರಗತಿಯ ಮಗುವಿಗೆ ಈ ಒಂದು ಮಾತು ಕೈಗೆ ಹತ್ತಿದರೆ, ಮುಂದೆ ಅದು ರಸಗೊಬ್ಬರದ ಅಂಗಡಿಯವನ ಮಾತನ್ನೂ ಟೀವಿಯ ಜಾಹೀರಾತನ್ನೂ ಅಳೆದು ನೋಡುತ್ತದೆ.

ನಲವತ್ತು ನಿಮಿಷದ ಮೇಲೆ ಮುಚ್ಚಳ ತೆಗೆದಾಗ ಮೊದಲನೆಯದು ಉಬ್ಬಿ ಮೃದುವಾಗಿರುತ್ತದೆ. ಎರಡನೆಯದು ಕಲ್ಲಿನಂತೆ ಕೂತಿರುತ್ತದೆ. ಮೂರನೆಯದು ಸ್ವಲ್ಪ ಉಬ್ಬಿರುತ್ತದೆ, ಯಾಕೆಂದರೆ ಸೋಡಾ ಕಾವಿಗೇ ಒಡೆದು ಅನಿಲ ಬಿಡುತ್ತದೆ. ಆದರೆ ನಾಲಿಗೆಗೆ ಸಾಬೂನಿನಂಥ ಒಗರು. ಒಡೆದ ಸೋಡಾದಲ್ಲಿ ಉಳಿಯುವುದು ಬಟ್ಟೆ ಸೋಡಾ, ಸೋಡಿಯಂ ಕಾರ್ಬೊನೇಟು. ನಾಲ್ಕನೆಯದು ಮೊದಲು ಜೋರಾಗಿ ಉಬ್ಬಿ ಆಮೇಲೆ ನಡುವೆ ಕುಸಿದಿರಬಹುದು. ಗುಳ್ಳೆ ಹೆಚ್ಚಾಗಿ ಗೋಡೆ ತೆಳುವಾದರೆ ಬೇಯುವ ಮೊದಲೇ ಒಡೆಯುತ್ತದೆ. ಪ್ರತಿ ಬಟ್ಟಲಿನಿಂದಲೂ ಚೂರು ಚೂರು ಎಲ್ಲರೂ ತಿನ್ನಲಿ. ಬರೆದುಕೊಳ್ಳಲಿ: ಎತ್ತರ ಎಷ್ಟು, ಬಣ್ಣ ಹೇಗೆ, ರುಚಿ ಹೇಗೆ. ನಿನಗೆ ನಾನು ಹೇಳಿದಂತೆ ಆಗದೆಯೂ ಇರಬಹುದು. ಆಗ ಇನ್ನೂ ಒಳ್ಳೆಯದು. ಮೊಸರು ಸಾಕಷ್ಟು ಹುಳಿ ಇರಲಿಲ್ಲವೋ, ಸೋಡಾ ಹಳೆಯದೋ, ಮಧ್ಯದಲ್ಲಿ ಯಾರೋ ಆಸೆಗೆ ಮುಚ್ಚಳ ತೆಗೆದರೋ ಎಂದು ಮಕ್ಕಳೇ ಪತ್ತೆ ಹಚ್ಚಲಿ. ಮುಕ್ಕಾಲು, ಕಾಲು, ಅರ್ಧ ಎಂದು ಬೋರ್ಡಿನ ಮೇಲೆ ತಡವರಿಸುವ ಮಗು ಲೋಟ ಕೈಗೆ ಬಂದರೆ ತಡವರಿಸುವುದಿಲ್ಲ, ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಸೋಡಾದ ಮಾತು ಬಂದದ್ದಕ್ಕೆ ಇನ್ನೊಂದು. ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆ ಲಿಟ್ಮಸ್ ಕಾಗದ ಬಂದಿಲ್ಲ ಎಂದು ಕೈಕಟ್ಟಿ ಕೂರಬೇಡ. ಮದುವೆಯ ಮನೆಯಲ್ಲಿ ಆರತಿ ತಟ್ಟೆಯ ಓಕುಳಿ ನೋಡದ ಮಗು ಯಾವುದು? ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪು, ಆ ಕೆಂಪಿಗೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಅರಿಶಿನದ ಬಟ್ಟೆಯ ಚೂರೊಂದನ್ನು ಇಟ್ಟುಕೊಂಡು ಹುಣಸೆ ನೀರು, ಸೋಡಾ ನೀರು, ಮೊಸರು, ಬೂದಿ ನೀರು ಎಲ್ಲವನ್ನೂ ಪರೀಕ್ಷಿಸಲಿ. ಸೋಡಾ ಹೆಚ್ಚಾದ ಕೇಕಿಗೆ ಅರಿಶಿನ ಬಿದ್ದಿದ್ದರೆ ಕೆಂಪು ಚುಕ್ಕೆ ಯಾಕೆ ಬರುತ್ತದೆ ಎಂಬುದೂ ಅಲ್ಲೇ ಬಿಡಿಸಿಕೊಳ್ಳುತ್ತದೆ.

ನಿನ್ನ ಪಾವಗಡಕ್ಕೆ ನಮ್ಮ ಯಾರಿಗೂ ಇಲ್ಲದ ಒಂದು ಸಂಪತ್ತಿದೆ, ಬಿಸಿಲು. ತಿರುಮಣಿಯ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿಕೊಂಡ ಸೋಲಾರ್ ಪಾರ್ಕ್ 2050 ಮೆಗಾವಾಟ್ ಸಾಮರ್ಥ್ಯದ್ದು. ನಿನ್ನ ಮಕ್ಕಳಲ್ಲಿ ಎಷ್ಟೋ ಜನರ ಮನೆಯ ಹೊಲ ಇವತ್ತು ಆ ಗಾಜಿನ ಹಲಗೆಗಳ ಕೆಳಗಿದೆ. ಅದೇ ಬಿಸಿಲಲ್ಲಿ ಅವರು ತಮ್ಮ ಕೈಯಾರೆ ಒಂದು ಕೇಕ್ ಬೇಯಿಸಲಿ. ಒಂದು ರಟ್ಟಿನ ಪೆಟ್ಟಿಗೆಯೊಳಗೆ ಇನ್ನೊಂದು ಸಣ್ಣ ಪೆಟ್ಟಿಗೆ ಇಟ್ಟು, ನಡುವಿನ ಜಾಗಕ್ಕೆ ಕಡಲೆಕಾಯಿ ಸಿಪ್ಪೆ ತುಂಬಿಸು. ಕಾವು ಹೊರಗೆ ಹೋಗದಂತೆ ತಡೆಯಲು ಅದಕ್ಕಿಂತ ಒಳ್ಳೆಯ ಪದಾರ್ಥ ನಮ್ಮಲ್ಲಿ ಪುಕ್ಕಟೆ ಸಿಗುವುದಿಲ್ಲ. ಒಳಪೆಟ್ಟಿಗೆಗೆ ಅಲ್ಯೂಮಿನಿಯಂ ಹಾಳೆ, ತಳಕ್ಕೆ ಕಪ್ಪು ತಗಡು, ಮೇಲೆ ಗಾಜು, ಬಿಸಿಲನ್ನು ಒಳಗೆ ತಿರುಗಿಸಲು ಹಾಳೆ ಅಂಟಿಸಿದ ಒಂದು ಮುಚ್ಚಳ. ಪಾತ್ರೆಯ ಹೊರಮೈ ಕಪ್ಪಗಿರಲಿ. ಬೆಳಕು ಗಾಜಿನ ಮೂಲಕ ಒಳಗೆ ಬರುತ್ತದೆ, ಕಾವಾಗಿ ಬದಲಾದ ಮೇಲೆ ಸುಲಭಕ್ಕೆ ಹೊರಗೆ ಹೋಗಲಾರದು. ಜಿನೀವಾದ ಹೊರಾಸ್ ದ ಸೋಸ್ಯೂರ್ 1767ರಲ್ಲೇ ಗಾಜಿನ ಪೆಟ್ಟಿಗೆ ಮಾಡಿ ಬಿಸಿಲಲ್ಲಿ ಹಣ್ಣು ಬೇಯಿಸಿದ್ದ. ನಿಮ್ಮೂರಿನ ಮಾರ್ಚ್, ಏಪ್ರಿಲ್ ತಿಂಗಳ ಬಿಸಿಲಿಗೆ ಬೆಳಗ್ಗೆ ಹತ್ತೂವರೆಗೆ ಇಟ್ಟರೆ ಒಂದೂವರೆ ಹೊತ್ತಿಗೆ ಕೇಕ್ ಆಗಬೇಕು. ಹೊಳೆಯುವ ಮುಚ್ಚಳವನ್ನು ಯಾರೂ ದಿಟ್ಟಿಸಿ ನೋಡದಂತೆ ಎಚ್ಚರ ಹೇಳು.

ಬಿಸಿಲಿನ ಕೇಕು ಬೆಂದಿರುತ್ತದೆ, ಆದರೆ ಮೇಲೆ ಕೆಂಪಗಾಗಿರುವುದಿಲ್ಲ. ಮರಳ ಡಬರಿಯದು ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗಿ ಘಮಘಮ ಎನ್ನುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಕೇಳು. ಹಿಟ್ಟಿನಲ್ಲಿ ನೀರಿರುವಷ್ಟು ಹೊತ್ತು ಅದರ ಕಾವು ಕುದಿಯುವ ಬಿಂದುವನ್ನು ದಾಟುವುದಿಲ್ಲ. ಹೊರಮೈ ಒಣಗಿ 140 ಡಿಗ್ರಿ ಆಸುಪಾಸು ಮುಟ್ಟಿದಾಗಲೇ ಸಕ್ಕರೆಯೂ ಪ್ರೋಟೀನೂ ಸೇರಿ ಆ ಬಣ್ಣ, ಆ ಪರಿಮಳ ಜೋರಾಗಿ ಹುಟ್ಟುವುದು. ಫ್ರಾನ್ಸಿನ ಮೈಯಾರ್ ಎಂಬ ರಸಾಯನಶಾಸ್ತ್ರಜ್ಞ 1912ರಲ್ಲಿ ಇದನ್ನು ವಿವರಿಸಿದ. ಹಂಚಿನ ರೊಟ್ಟಿಯ ಮೇಲಿನ ಕಂದು ಚುಕ್ಕೆ, ಹುರಿದ ಕಡಲೆಕಾಯಿಯ ವಾಸನೆ, ರಾಗಿ ಹುರಿಹಿಟ್ಟಿನ ಘಮ ಎಲ್ಲದರ ಹಿಂದೆಯೂ ಅದೇ ಇದೆ. ಮುದ್ದೆ ನೀರಲ್ಲಿ ಬೇಯುವುದರಿಂದ ಅದಕ್ಕೆ ಆ ಘಮ ಬರುವುದಿಲ್ಲ. ಒಂದೇ ರಾಗಿ ನೋಡು, ಕಾವು ಬೇರೆಯಾದರೆ ರುಚಿ ಬೇರೆ.

ಕುದಿಯುವ ಬಿಂದು ಎಂದೆನಲ್ಲ, ಅಲ್ಲೊಂದು ಎಚ್ಚರಿಕೆ. ಶಾಲೆಯ ಥರ್ಮಾಮೀಟರನ್ನು ಕುದಿಯುವ ನೀರಿಗೆ ಹಿಡಿದರೆ ನಮ್ಮ ಕಡೆ 97, 98 ಎಂದು ತೋರಿಸುತ್ತದೆ. ಪುಸ್ತಕದಲ್ಲಿ 100 ಎಂದಿದೆ. ಬಹಳ ಟೀಚರುಗಳು "ಥರ್ಮಾಮೀಟರ್ ಸರಿಯಿಲ್ಲ, 100 ಅಂತ ಬರ್ಕೊಳ್ಳಿ" ಎಂದುಬಿಡುತ್ತಾರೆ. ಹಾಗೆ ಎಂದೂ ಹೇಳಬೇಡ ಕಣಮ್ಮ. ನಮ್ಮ ನಾಲ್ಕು ತಾಲ್ಲೂಕಿನ ಊರುಗಳು ಸಮುದ್ರಮಟ್ಟದಿಂದ 600ರಿಂದ 800 ಮೀಟರ್ ಎತ್ತರದಲ್ಲಿವೆ, ಮೇಲಿನಿಂದ ಒತ್ತುವ ಗಾಳಿಯ ಭಾರ ಕಡಿಮೆ, ಅದಕ್ಕೇ ನೀರು ಕಡಿಮೆ ಕಾವಿಗೇ ಕುದಿಯುತ್ತದೆ. ಮಗು ಕಂಡದ್ದೇ ಸರಿ. ಕಣ್ಣಿಗೆ ಕಂಡದ್ದನ್ನು ಅಳಿಸಿ ಪುಸ್ತಕದ್ದನ್ನು ಬರೆಸಿದ ದಿನ ಆ ಮಗುವಿನೊಳಗಿನ ವಿಜ್ಞಾನ ಸಾಯುತ್ತದೆ. ನಮ್ಮ ಪಕ್ಕದ ಗೌರಿಬಿದನೂರು ಸೀಮೆಯ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬದುಕಿಡೀ ನಾಡಿಗೆ ಹೇಳಿದ್ದು ಪ್ರಶ್ನಿಸದೆ ಒಪ್ಪಬೇಡಿ ಎಂದೇ ಅಲ್ಲವೇ. ಹಾಂ, ಪಾದರಸದ ಥರ್ಮಾಮೀಟರನ್ನು ತಿನ್ನುವ ಯಾವ ಪದಾರ್ಥಕ್ಕೂ ಅದ್ದಬಾರದು. ಬೇರೆ ನೀರು ಕಾಯಿಸಿ ನೋಡಿ ಚೆಲ್ಲಿಬಿಡು.

ನೀರಿನ ಮಾತು ನಮ್ಮಲ್ಲಿ ಅಡುಗೆಮನೆಗಿಂತ ದೊಡ್ಡದು. ತೊಗರಿಬೇಳೆಯನ್ನು ಎರಡು ಪಾತ್ರೆಯಲ್ಲಿ ಬೇಯಿಸು. ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಶುದ್ಧ ನೀರಿನ ಘಟಕದಿಂದ ತಂದದ್ದು. ಗಡಸು ನೀರಿನಲ್ಲಿ ಬೇಳೆ ಬೇಯಲು ಎಷ್ಟು ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ನೋಡಿ ಬರೆಯಲಿ. ಆ ನೀರಿನ ಸುಣ್ಣದ ಅಂಶ ಬೇಳೆಯ ಗೋಡೆಗಳನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಮನೆಯಲ್ಲಿ ಬೇಳೆಗೆ ಸೋಡಾ ಹಾಕುವುದು ಯಾಕೆ, ಹಾಗೆ ಹಾಕಿದರೆ ಬಿ ಜೀವಸತ್ವ ಹೇಗೆ ಹಾಳಾಗುತ್ತದೆ ಎಂಬುದನ್ನೂ ಹೇಳು. ಜೊತೆಗೆ, ನಿನ್ನ ತಾಲ್ಲೂಕಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕಾಯಿಸಿದರೆ ಸರಿಹೋಗುತ್ತದೆ ಎಂದು ಎಷ್ಟೋ ಮನೆಯವರು ನಂಬಿದ್ದಾರೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ದಟ್ಟವಾಗುತ್ತದೆ. ಈ ಒಂದು ಮಾತು ಮಗುವಿನ ಬಾಯಿಂದ ಮನೆಗೆ ಹೋದರೆ, ನಿನ್ನ ವರ್ಷದ ಸಂಬಳಕ್ಕಿಂತ ಹೆಚ್ಚಿನ ಕೆಲಸ ಮಾಡಿದಂತೆ.

ಕಡಲೆಕಾಯಿ ಉಪಯೋಗಿಸುವಾಗ ಮಕ್ಕಳ ಕೈಯಲ್ಲೇ ಆರಿಸು. ಬೂಸಲು ಹಿಡಿದದ್ದು, ಸುಕ್ಕಾಗಿ ಕಪ್ಪಗಾದದ್ದು, ಕಹಿಯಾದದ್ದು ಎಲ್ಲ ಬೇರೆ ಹಾಕಲಿ. ಸರಿಯಾಗಿ ಒಣಗದ ಕಾಯಿಯಲ್ಲಿ ಬೆಳೆಯುವ ಒಂದು ಜಾತಿಯ ಬೂಸಲು ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಲಿವರಿಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗದು. ಹಾಳಾದದ್ದನ್ನು ಮಾರಲಾಗದೆ ಮನೆಯಲ್ಲಿ ತಿನ್ನುವ ಬಡತನ ನಮ್ಮದು. ಮಕ್ಕಳು ಇದನ್ನು ತಿಳಿದಿರಬೇಕು.

ಬೆಂಕಿಯ ವಿಷಯದಲ್ಲಿ ನಾನು ಕಠಿಣ. ಒಲೆಯ ಹತ್ತಿರ ಒಂದು ಸಲಕ್ಕೆ ಒಂದೇ ಮಗು, ಪಕ್ಕದಲ್ಲಿ ನೀನು. ನೈಲಾನ್ ಬಟ್ಟೆ, ಇಳಿಬಿದ್ದ ದುಪಟ್ಟಾ ಬೇಡ. ನೆಲದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಉಳಿದವರು ಅದರಾಚೆ ಕೂರಲಿ. ಬಿಸಿಯೂಟದ ಅಡುಗೆಕೋಣೆಯ ದೊಡ್ಡ ಪಾತ್ರೆಗಳ ಹತ್ತಿರ ಮಕ್ಕಳನ್ನು ಯಾವ ಕಾರಣಕ್ಕೂ ಬಿಡಬೇಡ. ಪಾಕದ ಪ್ರಯೋಗವನ್ನು ನೀನೇ ಮಾಡು. ಬೆಲ್ಲದ ಪಾಕ ಕುದಿನೀರಿಗಿಂತ ಬಿಸಿ, ಅಂಟಿಕೊಂಡರೆ ಬಿಡುವುದಿಲ್ಲ. ಒಂದೆಳೆ ಪಾಕ, ಉಂಡೆ ಪಾಕ, ಚಿಕ್ಕಿಗೆ ಬೇಕಾದ ಗಟ್ಟಿ ಪಾಕ ಹೀಗೆ ಹನಿ ಹನಿಯನ್ನು ತಣ್ಣೀರಿಗೆ ಬಿಟ್ಟು ತೋರಿಸಿದರೆ ಸಾಕು, ಆ ಆರಿದ ಹನಿಗಳನ್ನು ಅವರು ಮುಟ್ಟಿ ನೋಡಲಿ, ತಿನ್ನಲಿ.

ಈಗ ನಾನು ಹೇಳಲೇಬೇಕಾದ ಮಾತು. ಹುಡುಗರನ್ನೂ ಕೂರಿಸು. ಒಂದು ಶಾಲೆಯಲ್ಲಿ ಒಬ್ಬ ತಂದೆ ಬಂದು "ಗಂಡು ಮಗನ ಕೈಲಿ ಹಿಟ್ಟು ನಾದಿಸ್ತೀರಾ?" ಎಂದು ನನ್ನ ಮೇಲೆ ರೇಗಿದ್ದ. ನಾನು ಆ ಹುಡುಗ ಮಾಡಿದ ರೊಟ್ಟಿಯನ್ನೇ ತಟ್ಟೆಗೆ ಹಾಕಿ ಕೊಟ್ಟೆ. ತಿಂದ. ಮಾತಾಡದೆ ಎದ್ದು ಹೋದ, ಮಗನನ್ನು ಮಾತ್ರ ಬಿಡಿಸಲಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕೆಂದು ಹೋಗಿ ರೂಮು ಮಾಡಿಕೊಂಡು ಪ್ಯಾಕೆಟ್ ತಿಂದು ಹೊಟ್ಟೆ ಕೆಡಿಸಿಕೊಳ್ಳುವ ನಮ್ಮ ಹುಡುಗರನ್ನು ನೋಡಿದಾಗಲೆಲ್ಲ, ಇವನಿಗೆ ಯಾರಾದರೂ ಒಂದು ಸಾರು ಮಾಡುವುದನ್ನು ಕಲಿಸಬಾರದಿತ್ತೇ ಎಂದು ಹೊಟ್ಟೆ ಉರಿಯುತ್ತದೆ.

ಮತ್ತೆ, ಎಲ್ಲ ಮಕ್ಕಳ ಕೈಯೂ ಒಂದೇ ಬೋಗುಣಿಯೊಳಗೆ ಹೋಗಲಿ. ನಮ್ಮ ಸೀಮೆಯಲ್ಲಿ ಯಾರು ಮಾಡಿದ್ದನ್ನು ಯಾರು ತಿನ್ನುತ್ತಾರೆ ಎಂಬ ಪ್ರಶ್ನೆ ಇನ್ನೂ ಸತ್ತಿಲ್ಲ, ಅದು ನಿನಗೂ ಗೊತ್ತು, ನನಗೂ ಗೊತ್ತು. ಭಾಷಣದಿಂದ ಅದು ಹೋಗುವುದನ್ನು ನಾನು ಕಂಡಿಲ್ಲ. ಹತ್ತು ಮಕ್ಕಳು ಕೈ ತೊಳೆದುಕೊಂಡು ಒಂದೇ ಹಿಟ್ಟನ್ನು ನಾದಿ, ಒಂದೇ ಕೇಕನ್ನು ಕೊಯ್ದು ತಿಂದಾಗ ಸ್ವಲ್ಪ ಸ್ವಲ್ಪವೇ ಕರಗುವುದನ್ನು ಕಂಡಿದ್ದೇನೆ. ಗುಂಪು ಮಾಡುವಾಗ ಮನೆ ಹತ್ತಿರದವರನ್ನು ಒಟ್ಟಿಗೆ ಹಾಕಬೇಡ, ಕೇರಿಗಳು ಹಾಗೆಯೇ ಬಂದು ಕೂತುಬಿಡುತ್ತವೆ. ಚೀಟಿ ಎತ್ತಿಸು. ನಿನ್ನ ಶಾಲೆಯ ಅಡುಗೆಯಮ್ಮನನ್ನು ಒಂದು ಶನಿವಾರ ತರಗತಿಗೆ ಕರೆದು ಕುರ್ಚಿ ಹಾಕಿ ಕೂರಿಸು, ಮುದ್ದೆ ತೊಳಸುವುದನ್ನು ಅವರೇ ಕಲಿಸಲಿ, ಆವತ್ತು ನೀನು ಮಕ್ಕಳ ಜೊತೆ ನೆಲದಲ್ಲಿ ಕೂರು. ಕೇಕಿಗೆ ನಾನು ಮೊಟ್ಟೆ ಹೇಳದೆ ಇದ್ದದ್ದೂ ಯಾವ ಮಗುವೂ ಹೊರಗೆ ಉಳಿಯಬಾರದೆಂದೇ. ಮೊಟ್ಟೆ ಒಳ್ಳೆಯ ಆಹಾರ, ಶಾಲೆಯಲ್ಲೇ ಬೇಕಾದವರಿಗೆ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು ಕೊಡುತ್ತಿದ್ದಾರೆ. ಬಿಳಿ ಲೋಳೆ ಕಾವಿಗೆ ಯಾಕೆ ಗಟ್ಟಿಯಾಗುತ್ತದೆ ಎಂಬುದನ್ನು ಬೇಯಿಸಿದ ಮೊಟ್ಟೆಯಲ್ಲೇ ತೋರಿಸಬಹುದು.

"ಸಿಲಬಸ್ ಮುಗಿಯಲ್ಲ, ಅಡುಗೆ ಕಲಿಸೋಕೆ ಶಾಲೆ ಯಾಕೆ?" ಎನ್ನುವವರು ಸಿಗುತ್ತಾರೆ. ನನಗೂ ಸಿಕ್ಕಿದ್ದರು, ಒಂದು ವರ್ಷ ಹಂಚನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಜಗಳ ಆಡಬೇಡ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮ್ಮೇಳನದಿಂದಲೇ ಕೈಕಸುಬಿನ ಮೂಲಕ ಪಾಠ ಎಂಬ ಮಾತು ದೇಶದಲ್ಲಿದೆ. ಅದನ್ನು ಹೇಳಿದರೆ ಅವರು ತಲೆದೂಗುತ್ತಾರೆ, ಬೀಗ ತೆಗೆಯುವುದಿಲ್ಲ. ಬೀಗ ತೆಗೆಸುವುದು ಮಕ್ಕಳ ನೋಟ್ ಪುಸ್ತಕ. ಪ್ರತಿ ಪ್ರಯೋಗದ ಪುಟದ ಮೇಲೆ ಅದು ಯಾವ ಪಾಠಕ್ಕೆ ಸೇರಿದ್ದು ಎಂದು ಬರೆಸು: ಆಮ್ಲ ಮತ್ತು ಪ್ರತ್ಯಾಮ್ಲ, ಶಾಖ, ಸೂಕ್ಷ್ಮಜೀವಿಗಳು, ಭಿನ್ನರಾಶಿ. ಮೇಲಿನವರು ಬಂದಾಗ ಅದನ್ನು ಮುಂದಿಡು. ಯೀಸ್ಟ್ ಹಾಕಿದ ಬನ್ನನ್ನು ಸೂಕ್ಷ್ಮಜೀವಿಗಳ ಪಾಠಕ್ಕೆ ಇಟ್ಟುಕೋ. ಬೆಚ್ಚಗಿನ ನೀರಲ್ಲಿ ಅದು ಸಕ್ಕರೆ ತಿಂದು ಉಕ್ಕುತ್ತದೆ, ಕೈ ಸುಡುವ ನೀರಲ್ಲಿ ಸಾಯುತ್ತದೆ. ಇಡ್ಲಿ ಹಿಟ್ಟು ಹುದುಗುವುದು ಇದೇ ಜಾತಿಯ ಕೆಲಸ, ಅಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಬ್ಯಾಕ್ಟೀರಿಯಾ.

ಖರ್ಚಿನ ಮಾತು. ಒಂದು ಶನಿವಾರಕ್ಕೆ ಬೇಕಾದದ್ದು ಎರಡು ಲೋಟ ಹಿಟ್ಟು, ಒಂದು ಅಚ್ಚು ಬೆಲ್ಲ. ಒಂದೊಂದು ಮಗುವಿನಿಂದ ಒಂದು ಹಿಡಿ ತರಿಸಬೇಡ, ಇಲ್ಲದ ಮನೆಯ ಮಗು ಆವತ್ತು ಶಾಲೆಗೇ ಬರುವುದಿಲ್ಲ. ನಿನ್ನ ಸಂಬಳದಿಂದ ತೆಗೆ, ಸಾಲದಿದ್ದರೆ ನನಗೆ ಹೇಳು. ಆ ದಪ್ಪ ತಳದ ಡಬರಿ ನನ್ನ ಅಟ್ಟದ ಮೇಲಿದೆ. ತೊಳೆದು ಇಟ್ಟಿದ್ದೇನೆ. ಮುಂದಿನ ವಾರ ಮಧುಗಿರಿಗೆ ಬಂದಾಗ ತೆಗೆದುಕೊಂಡು ಹೋಗು. ಉಬ್ಬದೇ ಹೋದ ಎರಡನೇ ಬಟ್ಟಲಿನ ಕೇಕನ್ನು ಎಸೆಯಬೇಡ, ಒಂದು ಚೂರು ನನಗೂ ಕಟ್ಟಿಕೊಂಡು ಬಾ.